ಚನ್ನರಾಯನದುರ್ಗಕ್ಕೆ ಸೂರ್ಯೋದಯದ ಫೋಟೋಗೆ ಹೋಗೋರು ಇದನ್ನ ಓದ್ಕೊಂಡು ಹೋಗಿ, ಮಳೆ ದಿನದಲ್ಲಂತೂ ಬೇಡ

ಬಲಗೈ ಪ್ಲಾಸ್ಟರ್ ಬಿಚ್ಚಿ ನಾಲ್ಕು ದಿನ ಆಯ್ತು, ಈಗ ಟೈಪ್ ಮಾಡೋಕೆ ಆಗ್ತಿದೆ, ಅದಕ್ಕೆ ಮೊದಲು ಇದನ್ನೇ ಬರೀತಿದೀನಿ. ಹೋದ ವಾರ ಪರಿಚಯದ ಇಬ್ರು ಹುಡುಗ್ರು ನನ್ನ ಒಂದು ಫೋಟೋ ನೋಡಿ "ಅಣ್ಣ ಇದ್ಯಾವ ಬೆಟ್ಟ, ಈ ಭಾನುವಾರನೇ ಹೋಗ್ಬೇಕು, ಲೊಕೇಶನ್ ಕಳ್ಸಿ" ಅಂತ ಕೇಳಿದ್ರು. ಫೋಟೋದಲ್ಲಿ ಕೆಂಪು ಸೂರ್ಯ ಇದೆ, ಕೆಳಗೆ ಹಾಲು ಚೆಲ್ಲಿದಂಗೆ ಕಾವಳ ಇದೆ, ಮಧ್ಯದಲ್ಲಿ ಕೋಟೆ ಗೋಡೆ ಇದೆ. ಅದಾಗಿ ಒಂದು ಗಂಟೆಯೊಳಗೆ ನಾನು ಅದೇ ಗೋಡೆ ಕೆಳಗಿನ ಬಂಡೆ ಮೇಲೆ ಕೈ ಮುರ್ಕೊಂಡು ಬಿದ್ದಿದ್ದೆ, ಅದು ಫೋಟೋದಲ್ಲಿ ಕಾಣಲ್ವಲ್ಲ.

ಚನ್ನರಾಯನದುರ್ಗ ಗೊತ್ತಿಲ್ಲದೋರಿಗೆ ಹೇಳ್ತೀನಿ, ತುಮಕೂರಿಂದ ಕೊರಟಗೆರೆ ದಾಟಿ ಮಧುಗಿರಿ ಕಡೆ ಹೋಗುವಾಗ ಸಿಗೋ ಕೋಟೆ ಬೆಟ್ಟ, ಪಾಳೇಗಾರರ ಕಾಲದ್ದು, ಸಮುದ್ರ ಮಟ್ಟದಿಂದ 3,700 ಅಡಿ ಮೇಲೇ ಇದೆ. ನಂದಿ ಬೆಟ್ಟದ ಥರ ಮೇಲೆ ತನಕ ಕಾರು ಹೋಗಲ್ಲ, ಕಂಬಿ ಇಲ್ಲ, ಅಂಗಡಿ ಇಲ್ಲ, ಹೊತ್ತು ಹುಟ್ಟೋ ಮುಂಚೆ ಜನಾನೂ ಇರಲ್ಲ. ಶುರುವಲ್ಲೇ ಕಡಿದಾದ ಹಾಸುಬಂಡೆ ಹತ್ತಬೇಕು. ಒಣಗಿದ್ದಾಗ ಆ ಬಂಡೆ ಶೂನ ಹಿಡ್ಕೊಂಡಂಗೆ ಇರುತ್ತೆ, ಅಷ್ಟು ಒರಟು, ಅದಕ್ಕೇ ಎರಡು ಮೂರು ಸಲ ಹೋಗಿ ಬಂದೋರಿಗೆ ಭಯ ಹೋಗ್ಬಿಡುತ್ತೆ. ನಾನು ಅದಕ್ಕೆ ಮುಂಚೆ ಐದು ಸಲ ಹೋಗಿದ್ದೆ, ಐದೂ ಸಲ ಒಣ ಬಂಡೆ.

ಈ ಸಲ ಅಕ್ಟೋಬರ್ ಮಧ್ಯ, ಚಿತ್ತಾ ಮಳೆ ನಡೀತಿತ್ತು. ನಮ್ಮಜ್ಜಿ ಇದನ್ನ ಕುರುಡು ಚಿತ್ತೆ ಅಂತಿತ್ತು, ಕಣ್ಣು ಕಾಣದಿರೋರು ಎರಚಿದಂಗೆ ಎಲ್ಲಿ ಬೇಕೋ ಅಲ್ಲಿ ಸುರಿಯುತ್ತೆ ಅಂತ. ಫೋಟೋ ತೆಗೆಯೋರಿಗೆ ಇಷ್ಟ ಆಗೋದೂ ಇದೇ ಕಾಲಾನೇ, ರಾತ್ರಿ ಮಳೆ ಬಿದ್ದು ಗಾಳಿಲಿರೋ ಧೂಳೆಲ್ಲ ತೊಳೆದು ಹೋಗಿರುತ್ತೆ, ಬೆಳಗಿನ ಜಾವ ತಣ್ಣಗಾದ ನೆಲದಿಂದ ಕಣಿವೆ ತುಂಬ ಕಾವಳ ಎದ್ದಿರುತ್ತೆ, ಮೇಲೆ ಚೂರು ಮೋಡ ಇದ್ರೆ ಬಣ್ಣ ಹಿಡಿಯುತ್ತೆ. ಬೇಸಿಗೆಲಿ ಹೋದ್ರೆ ಬರೀ ಬೂದು ಆಕಾಶ. ಹಂಗಾಗಿ ಹಿಂದಿನ ದಿನ ಸಂಜೆ ಮಳೆ ಬಂದಿದ್ದು ನೋಡಿ ಖುಷಿಯಾಗಿ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ, ನಾಳೆ ಹೋಗೋಣ ಕಣೋ, ಇಂಥ ದಿನ ಮತ್ತೆ ಸಿಗಲ್ಲ ಅಂತ. ಫೋನಲ್ಲಿ ಹವಾಮಾನ ನೋಡಿದ್ರೆ ಬೆಳಿಗ್ಗೆ ಮಳೆ ಸಾಧ್ಯತೆ 40 ಪರ್ಸೆಂಟ್ ಅಂತಿತ್ತು. 60 ಪರ್ಸೆಂಟ್ ಬರಲ್ಲ ಅಂತ ನಾನು ಓದ್ಕೊಂಡೆ.

ಮೂರೂವರೆಗೆ ಹೊರಟ್ವಿ. ಹೊರಡುವಾಗ ಆಕಾಶದ ತುಂಬ ನಕ್ಷತ್ರ. ದಾರಿಯುದ್ದಕ್ಕೂ ಕಾರಲ್ಲಿ ಎಸಿ ಹಾಕ್ಕೊಂಡೇ ಹೋದ್ವಿ, ಇದೂ ಒಂದು ತಪ್ಪೇ, ಯಾಕಂದ್ರೆ ಮೇಲೆ ಹತ್ತಿ ಬ್ಯಾಗ್ ತೆಗೆದ್ರೆ ಒಳಗಿದ್ದ ಕ್ಯಾಮೆರಾ ಇನ್ನೂ ತಣ್ಣಗಿದೆ, ಹೊರಗಿನ ಒದ್ದೆ ಗಾಳಿ ತಾಗಿದ ತಕ್ಷಣ ಲೆನ್ಸ್ ಮುಂದಿನ ಗಾಜು ಬೆಳ್ಳಗಾಯ್ತು, ಒರೆಸಿದ್ರೆ ಮತ್ತೆ ಬೆಳ್ಳಗಾಗೋದು. ಕೊನೆ ಅರ್ಧ ಗಂಟೆ ಎಸಿ ಆಫ್ ಮಾಡಿ ಕಿಟಕಿ ಇಳಿಸಿ, ಬ್ಯಾಗಿನ ಜಿಪ್ ತೆಗೀದೆ ಹಂಗೇ ಬಿಟ್ರೆ ಈ ತೊಂದ್ರೆ ಇರಲ್ಲ. ನಾನು ಅಲ್ಲಿ ಕೂತು ಒರೆಸಿ ಒರೆಸಿ ಕಾಲು ಗಂಟೆ ಕಳೆದೆ, ಸೂರ್ಯ ಬರೋಕೆ ಮುಂಚಿನ ಆ ನೀಲಿ ಬೆಳಕು ಪೂರ್ತಿ ಹೋಯ್ತು.

ಆಮೇಲೆ ಸಿಕ್ಕಿದ್ದು ಮಾತ್ರ ನಿಜವಾಗ್ಲೂ ದೊಡ್ಡದು. ಪೂರ್ವದಲ್ಲಿ ಮೋಡದ ಎರಡು ಪದರದ ಮಧ್ಯೆ ಬೆರಳಗಲ ಸಂದು ಇತ್ತು, 6:14ಕ್ಕೆ ಆ ಸಂದಿನಿಂದ ಸೂರ್ಯ ಬಂದ, ಕೋಟೆ ಗೋಡೆ ಕಲ್ಲು ಒಂದೊಂದೂ ಇಟ್ಟಿಗೆ ಬಣ್ಣಕ್ಕೆ ತಿರುಗ್ತು, ಆ ಕಡೆ ಮಧುಗಿರಿ ಏಕಶಿಲಾ ಬೆಟ್ಟದ ನೆತ್ತಿಯಷ್ಟೇ ಕಾವಳದ ಮೇಲೆ ತೇಲ್ತಿತ್ತು. ಎಫ್ 11, ಐಎಸ್‌ಓ 100, ಬೆಳಕನ್ನ ಎರಡೆರಡು ಸ್ಟಾಪ್ ಹೆಚ್ಚು ಕಡಿಮೆ ಮಾಡಿ ಮೂರು ಮೂರು ಶಾಟ್, ಸೂರ್ಯನೂ ಸುಟ್ಟೋಗಬಾರದು ಗೋಡೆನೂ ಕಪ್ಪಾಗಬಾರದು ಅಂತ. ಐದಾರು ನಿಮಿಷ ಅಷ್ಟೇ. ಸೂರ್ಯ ಮೇಲಿನ ಪದರದ ಒಳಗೆ ಹೋದ, ಬೆಳಕು ಆರಿಹೋಯ್ತು.

ಇಲ್ಲೇ ಇಳಿದುಬಿಡಬೇಕಿತ್ತು. ತಮ್ಮ ಹೇಳ್ದ, "ಅಣ್ಣ, ಪೂರ್ವದ ಕಡೆ ನೋಡು, ಮೋಡ ಕೆಳಗಿಂದ ಕಪ್ಪಾಗ್ತಿದೆ, ಹೋಗೋಣ." ಹಿಂಗಾರಲ್ಲಿ ಮೋಡ ಬರೋದೇ ಆ ಕಡೆಯಿಂದ, ಅಂದ್ರೆ ನಾನು ಕ್ಯಾಮೆರಾ ತಿರುಗಿಸಿ ಇಟ್ಟಿದ್ದೆನಲ್ಲ ಅದೇ ದಿಕ್ಕು, ಅದನ್ನ ವ್ಯೂಫೈಂಡರಲ್ಲಿ ನೋಡ್ತಾನೇ ಇದ್ದೆ, ಚೆನ್ನಾಗಿ ಕಾಣ್ತಿದೆ ಅನ್ನೋದು ಬಿಟ್ರೆ ಬೇರೆ ಏನೂ ತಲೆಗೆ ಬರ್ಲಿಲ್ಲ. ಇರೋ ಐದು ನಿಮಿಷ, ಮೋಡ ಸೀಳಿ ಕಿರಣ ಬರುತ್ತೆ ಅಂದೆ. ಐದು ನಿಮಿಷ ಇಪ್ಪತ್ತೈದು ನಿಮಿಷ ಆಯ್ತು. ಎಷ್ಟೋ ದಿನ ಆದ್ಮೇಲೆ ಕಾರ್ಡ್ ತೆಗೆದು ಟೈಮ್ ನೋಡಿದೆ, 6:20 ಆದ್ಮೇಲೆ ತೆಗೆದಿದ್ದು 41 ಫೋಟೋ, 41ರಲ್ಲೂ ಬೂದು ಬಿಟ್ಟು ಬೇರೆ ಬಣ್ಣ ಇಲ್ಲ. ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ನಮಗೆಲ್ಲ ಇರೋ ರೋಗ ಇದೊಂದೇ, ಸಿಕ್ಕಿದ ಮೇಲೂ ಇನ್ನೊಂದು ಸಿಗುತ್ತೆ ಅಂತ ಕಾಯೋದು.

ಮೊದಲ ಮಿಂಚು ಕಂಡಾಗ ಎಣಿಸಿದೆ, ಗುಡುಗು ಬರೋಕೆ 12 ಸೆಕೆಂಡ್. ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು 3 ಸೆಕೆಂಡ್ ತಗೊಳ್ಳುತ್ತೆ, ಅಂದ್ರೆ 4 ಕಿಲೋಮೀಟರ್ ದೂರ. ಇನ್ನೂ ದೂರ ಇದೆ ಅಂದ್ಕೊಂಡೆ. ನೆನಪಿಟ್ಕೊಳ್ಳಿ, ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಇದ್ರೆ ಆಗ್ಲೇ ಬಯಲು ಜಾಗ ಬಿಟ್ಟಿರಬೇಕು, ಕೊನೆ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೂ ವಾಪಸ್ ಮೇಲೆ ಹೋಗಬಾರದು. ನಾನಿದ್ದಿದ್ದು ಬೋಳು ಬಂಡೆ ನೆತ್ತಿ, ಸುತ್ತ ನನಗಿಂತ ಎತ್ತರದ್ದು ಅಂದ್ರೆ ನಾನೇ ಎತ್ತಿ ನಿಲ್ಲಿಸಿದ್ದ ಟ್ರೈಪಾಡ್, ಅದೂ ಕಾರ್ಬನ್ ಫೈಬರ್. ಕಾರ್ಬನ್ ಅಲ್ವಾ ಕರೆಂಟ್ ಹರಿಯಲ್ಲ ಅಂತ ತುಂಬ ಜನ ಅಂದ್ಕೊಂಡಿದಾರೆ, ಹರಿಯುತ್ತೆ. ಮುಂದಿನ ಮಿಂಚಿಗೆ 6 ಸೆಕೆಂಡ್. ಆಗ ಹನಿ ಶುರು. ಆಗ ಕೈಕಾಲು ನಡುಗೋಕೆ ಶುರುವಾಗಿ ಲೆನ್ಸ್ ಬಿಚ್ಚಿದೆ, ಮಳೆಲೇ, ಒದ್ದೆ ಬಟ್ಟೆ ಸಮೇತ ಎಲ್ಲ ಬ್ಯಾಗಿಗೆ ತುಂಬಿ ಜಿಪ್ ಎಳೆದೆ.

ಇಳಿಯುವಾಗ ಆಗಿದ್ದು. ಈ ಬಂಡೆಗಳ ಮೇಲೆ ಉದ್ದುದ್ದ ಕಪ್ಪು ಪಟ್ಟೆ ಇರ್ತವಲ್ಲ, ದೂರದಿಂದ ನೋಡಿದ್ರೆ ಮಸಿ ಸುರಿದಂಗೆ, ಅದು ಮಳೆಗಾಲದಲ್ಲಿ ನೀರು ಹರಿಯೋ ಜಾಗ, ಅಲ್ಲಿ ತೆಳ್ಳಗೆ ಪಾಚಿ ಕಟ್ಟಿರುತ್ತೆ. ಒಣಗಿದಾಗ ಗೊತ್ತೇ ಆಗಲ್ಲ, ಕೈಲಿ ಉಜ್ಜಿದ್ರೆ ಕಪ್ಪು ಪುಡಿ ಥರ ಬರುತ್ತೆ. ಹತ್ತು ನಿಮಿಷದ ಮಳೆಗೆ ಅದು ಸೋಪು ಹಚ್ಚಿದಂಗಾಗಿತ್ತು. ನಾನು ಬೆಳಿಗ್ಗೆ ಟಾರ್ಚಲ್ಲಿ ಹತ್ತಿದ್ದ ದಾರಿನೇ ಇಳಿದೆ, ಅದು ಪಟ್ಟೆ ಮೇಲೇ ಇತ್ತು, ಕತ್ತಲಲ್ಲಿ ಕಪ್ಪು ಬಂಡೆ ಯಾವುದು ಕಂದು ಬಂಡೆ ಯಾವುದು ಎಲ್ಲಿ ಗೊತ್ತಾಗುತ್ತೆ. ಎರಡೂ ಕಾಲು ಒಟ್ಟಿಗೆ ಹೋಯ್ತು. ಟ್ರೈಪಾಡ್ ಹಿಡಿದಿದ್ದ ಬಲಗೈನೇ ಊರಿದೆ, ಹಸಿ ಕಡ್ಡಿ ಮುರಿದಂಗೆ ಸದ್ದು ಬಂತು, ಆಮೇಲೆ ಹದಿನೈದು ಅಡಿ ಬೆನ್ನ ಮೇಲೆ ಜಾರ್ಕೊಂಡು ಹೋಗಿ ಒಂದು ಲಂಟಾನ ಪೊದೆಗೆ ಸಿಕ್ಕಿ ನಿಂತೆ. ಪೊದೆಯಿಂದ ಮುಂದೆ ಏನಿತ್ತು ಅಂತ ಆಮೇಲೆ ತಮ್ಮ ನೋಡ್ದ, ನನಗೆ ಹೇಳಲಿಲ್ಲ, ಮನೆಲಿ ಅಮ್ಮನ ಹತ್ರ ಹೇಳ್ವಾಗ ಅವನು ಅತ್ತಿದ್ದು ಕೇಳಿಸ್ತು.

ಫೋನಲ್ಲಿ ಸಿಗ್ನಲ್ ಬರ್ತಾ ಹೋಗ್ತಾ ಇತ್ತು. ಗುಡುಗು ತಲೆ ಮೇಲೆ. ಹತ್ರದಲ್ಲಿ ಬಂಡೆ ಚಾಚಿಕೊಂಡಿದ್ದ ಒಂದು ಮೋಟು ಗುಹೆ ಥರ ಇತ್ತು, ಅದರೊಳಗೆ ಮುದುಡ್ಕೊಂಡು ಕೂತ್ವಿ. ಸಿಡಿಲು ಹೊತ್ತಲ್ಲಿ ಇದೂ ಅಪಾಯನೇ ಅಂತ ಆಮೇಲೆ ತಿಳ್ಕೊಂಡೆ, ಬಂಡೆ ಮೇಲಿಂದ ಹರಿದು ಬರೋ ಕರೆಂಟ್ ಆ ಬಾಯಿ ಹತ್ರ ಹಾರುತ್ತಂತೆ, ಅಷ್ಟು ಮೋಟಾದ ಜಾಗ ಆಸರೆ ಅಲ್ಲ. ಮುಕ್ಕಾಲು ಗಂಟೆ ಹಂಗೇ ಇದ್ವಿ. ಕೈ ಊದಿ ವಾಚ್ ಬೆಲ್ಟ್ ಚರ್ಮದೊಳಗೆ ಇಳಿದಿತ್ತು, ತಮ್ಮ ಅದನ್ನ ಹಲ್ಲಲ್ಲಿ ಕಚ್ಚಿ ಬಿಚ್ಚಿದ.

ಮಳೆ ನಿಂತ ಮೇಲೆ ಮೇಕೆ ಹೊಡ್ಕೊಂಡು ಒಬ್ಬ ತಾತ ಬಂದ್ರು. ನಮ್ಮನ್ನ ನೋಡಿ "ಯಾವೂರಪ್ಪ ನಿಮ್ದು, ಇಷ್ಟೊತ್ತಲ್ಲಿ ಇಲ್ಲೇನ್ ಮಾಡ್ತಿದೀರಿ" ಅಂದ್ರು, ಕೈ ನೋಡಿದ್ಮೇಲೆ ಬೇರೇನೂ ಕೇಳಲಿಲ್ಲ. ಹೆಗಲ ಮೇಲಿನ ಟವಲ್ ತೆಗೆದು ಕೈಯನ್ನ ಕೊರಳಿಗೆ ಕಟ್ಟಿದ್ರು. "ಕರ್ರಗಿರೋ ಕಡೆ ಕಾಲಿಕ್ಬೇಡಿ, ಒರಟಾಗಿ ಕೆಂಪಗಿರ್ತದಲ್ಲ ಅಲ್ಲಿಡಿ, ಆಗ್ದಿದ್ರೆ ಕುಂತ್ಕೊಂಡು ಇಳೀರಿ, ನಾಚ್ಕೆ ಏನು" ಅಂತ ಹೇಳ್ತಾ ಬುಡದ ತನಕ ಮುಂದೆ ಮುಂದೆ ನಡೆದ್ರು. ಇಳಿಯೋಕೆ ಎರಡು ಗಂಟೆ ಆಯ್ತು. ಸೀತಾಫಲದ ಕಾಲದಲ್ಲಿ ಈ ಕಡೆ ಕರಡಿ ಓಡಾಡ್ತವೆ, ಕತ್ತಲಲ್ಲಿ ಬರ್ಬೇಡ್ರಪ್ಪ ಅಂತ್ಲೂ ಹೇಳಿದ್ರು. ದುಡ್ಡು ಕೊಡೋಕೆ ಹೋದ್ರೆ ಬೈದ್ರು. ಹೋದ ವಾರ ಟವಲ್ ಒಗೆದು, ಜೊತೆಗೆ ಹೊಸದೊಂದು ಇಟ್ಟು ಕೊಟ್ಟು ಬಂದೆ.

ಮಣಿಕಟ್ಟಿನ ಹತ್ರ ಮೂಳೆ ಮುರಿದಿತ್ತು, ಆರು ವಾರ ಪ್ಲಾಸ್ಟರ್. ಬ್ಯಾಗ್ ಮೂಲೇಲಿ ಬಿದ್ದಿತ್ತು, ಒದ್ದೆ ಬಟ್ಟೆ ಒಳಗೇ, ಯಾರಿಗೂ ನೆನಪಾಗಲಿಲ್ಲ. ತಿಂಗಳಾದ್ಮೇಲೆ ಎಡಗೈಲಿ ಜಿಪ್ ತೆಗೆದ್ರೆ ಮುಗ್ಗಲು ವಾಸನೆ, ಲೆನ್ಸ್‌ನ ಟಾರ್ಚ್ ಬೆಳಕಿಗೆ ಹಿಡಿದ್ರೆ ಒಳಗಿನ ಗಾಜಿನ ಅಂಚಲ್ಲಿ ಸಣ್ಣ ಜೇಡರ ಬಲೆ ಥರ ಫಂಗಸ್ ಹರಡಿತ್ತು. ಮಳೆಲಿ ನೆನೆದ ಕ್ಯಾಮೆರಾನ ಮನೆಗೆ ಬಂದ ದಿನಾನೇ ಹೊರಗೆ ತೆಗೆದು, ಬ್ಯಾಟರಿ ಕಾರ್ಡ್ ಬಿಚ್ಚಿ, ಫ್ಯಾನ್ ಗಾಳಿಗೆ ಇಟ್ಟು, ಆಮೇಲೆ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಲಿ ಇಡಿ, ನಿಮ್ಮ ಕೈಲಾಗದಿದ್ರೆ ಮನೆಯೋರಿಗಾದ್ರೂ ಹೇಳಿ.

ಇದು ನಮ್ಮ ದುರ್ಗದ ಕಥೆ ಮಾತ್ರ ಅಲ್ಲ. 2022ರ ಫೆಬ್ರವರಿಲಿ ನಂದಿ ಬೆಟ್ಟದ ಹತ್ರ ಬ್ರಹ್ಮಗಿರಿಲಿ ಜಾರಿ ಸುಮಾರು 300 ಅಡಿ ಕೆಳಗೆ ಬಂಡೆ ಅಂಚಲ್ಲಿ ಸಿಕ್ಕಾಕೊಂಡಿದ್ದ ಹುಡುಗನ್ನ ವಾಯುಪಡೆ ಹೆಲಿಕಾಪ್ಟರ್ ಬಂದು ಎತ್ಕೊಂಡು ಹೋಗಿತ್ತು, ಅದೂ ಮಳೆ ಇಲ್ಲದ ಕಾಲದಲ್ಲಿ.

ಹೋಗೋರು ಹಿಂದಿನ ರಾತ್ರಿ ಪರ್ಸೆಂಟ್ ನೋಡಿ ಮಲಗಬೇಡಿ, ಹೊರಡೋಕೆ ಮುಂಚೆ 'ದಾಮಿನಿ' ಇಲ್ಲಾಂದ್ರೆ ನಮ್ಮ ರಾಜ್ಯದ್ದೇ 'ಸಿಡಿಲು' ಆ್ಯಪ್ ತೆಗೆದು ಸುತ್ತಮುತ್ತ ಎಲ್ಲಿ ಮಿಂಚು ಹೊಡೀತಿದೆ ನೋಡಿ, ಮೇಲೆ ಹೋದ್ಮೇಲೂ ಸಿಗ್ನಲ್ ಸಿಕ್ಕಾಗೆಲ್ಲ ನೋಡಿ. ಇಳಿಯೋ ಟೈಮ್ ಕೆಳಗೇ ನಿಂತು ಮಾತಾಡ್ಕೊಳ್ಳಿ, ಮೇಲೆ ಹೋದ್ಮೇಲೆ ಆ ಬೆಳಕಿನ ಮುಂದೆ ಯಾರ ಮಾತೂ ಕಿವಿಗೆ ಬೀಳಲ್ಲ. ಈಗ ನಾವಿಬ್ರು ಮಾಡ್ಕೊಂಡಿರೋದು ಇಷ್ಟು, ಸೂರ್ಯ ಹುಟ್ಟಿ ಇಪ್ಪತ್ತು ನಿಮಿಷಕ್ಕೆ ತಮ್ಮನ ಫೋನಲ್ಲಿ ಅಲಾರಂ ಹೊಡೆಯುತ್ತೆ, ಹೊಡೆದಾಗ ಆಕಾಶದಲ್ಲಿ ಏನೇ ಇರ್ಲಿ ಟ್ರೈಪಾಡ್ ಮಡಚಬೇಕು, ಬೇಡ ಅನ್ನೋ ಅಧಿಕಾರ ನನಗಿಲ್ಲ.

ಲೊಕೇಶನ್ ಕೇಳಿದ್ದ ಹುಡುಗ್ರಿಗೆ ಇನ್ನೂ ಕಳ್ಸಿಲ್ಲ. ಸಂಕ್ರಾಂತಿ ಆದ್ಮೇಲೆ ಬಂಡೆ ಒಣಗಿರುತ್ತೆ, ಆಗ ಬನ್ನಿ, ನಾನೇ ಕರ್ಕೊಂಡು ಹೋಗಿ ಕಂದು ಬಂಡೆ ದಾರಿ ತೋರಿಸ್ತೀನಿ ಅಂದಿದೀನಿ.