1911 ಪಿಸ್ತೂಲು: ಒಂಬತ್ತು ವರ್ಷ ಬಳಸಿದ ಮೇಲೆ

ಟೆಕ್ಸಾಸ್‌ಗೆ ಬಂದ ಮೇಲೆ ನಾನು ಕೊಂಡ ಮೊದಲ ಪಿಸ್ತೂಲು ಇದು. ತಿಂಗಳಿಗೆ ಎರಡು ಸಲ ಗುರಿ ಹೊಡೆಯುವ ರೇಂಜ್‌ಗೆ ಹೋಗುತ್ತೇನೆ, ಹೋದಾಗಲೆಲ್ಲ ನೂರು ಗುಂಡು. ಲೆಕ್ಕ ಹಾಕಿದರೆ ಇಪ್ಪತ್ತು ಸಾವಿರ ದಾಟಿದೆ. ನನ್ನದು ಸೈನಿಕರ ಸೊಂಟದಲ್ಲಿದ್ದ ಅಸಲಿ ಪೀಸ್ ಅಲ್ಲ, ಅದೇ ವಿನ್ಯಾಸದಲ್ಲಿ ಈಚೆಗೆ ಮಾಡಿದ್ದು. ಐದಿಂಚಿನ ಬ್ಯಾರೆಲ್ (ನಳಿಕೆ), .45 ಗುಂಡು (ಅಂದರೆ ಸುಮಾರು 0.45 ಇಂಚು ದಪ್ಪ), ಅದನ್ನು ತುಂಬುವ ಮ್ಯಾಗಜಿನ್ ಡಬ್ಬಿಯಲ್ಲಿ ಏಳೇ ಏಳು. ಖಾಲಿ ಇದ್ದಾಗಲೇ ಒಂದು ಕಿಲೋಗಿಂತ ಜಾಸ್ತಿ ತೂಕ.

ಇಷ್ಟಾದರೂ ಯಾಕೆ ಇಟ್ಟುಕೊಂಡಿದ್ದೇನೆ? ಟ್ರಿಗರ್‌ಗೋಸ್ಕರ. ಎಷ್ಟೋ ಪಿಸ್ತೂಲುಗಳಲ್ಲಿ ಟ್ರಿಗರ್ ಒಂದು ಪಿನ್ ಮೇಲೆ ತಿರುಗುತ್ತದೆ. ಇದರಲ್ಲಿ ನೇರ ಹಿಂದಕ್ಕೆ ಜಾರುತ್ತದೆ, ಮೇಜಿನ ಡ್ರಾಯರ್ ತಳ್ಳಿದ ಹಾಗೆ. ಬಡಿದು ಗುಂಡು ಸಿಡಿಸುವ ಹ್ಯಾಮರ್ ಮೊದಲೇ ಎಳೆದು ನಿಂತಿರುವುದರಿಂದ ಬೆರಳಿಗೆ ಕೆಲಸ ಕಡಿಮೆ. ಒಣ ಕಡ್ಡಿ ಮುರಿದ ಹಾಗೆ ಟಕ್ ಅಂತ ಬಿಡುತ್ತದೆ. ತೂಕ ಇದೆಯಲ್ಲ, ಅದಕ್ಕೇ ಗುಂಡಿನ ಒದೆತವೂ ಕೈಯನ್ನು ಝಾಡಿಸುವುದಿಲ್ಲ, ಸುಮ್ನೆ ಹಿಂದಕ್ಕೆ ನೂಕುತ್ತದೆ.

ಇದರ ಹಿಂದಿನ ತಲೆ ಅಮೆರಿಕದ ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ ಅವರದು. ಫಿಲಿಪ್ಪೀನ್ಸ್‌ನಲ್ಲಿ ಮೋರೋ (ಅಲ್ಲಿನ ದಕ್ಷಿಣದ ಮುಸ್ಲಿಂ ಜನ) ಹೋರಾಟಗಾರರ ಎದುರು .38 ರಿವಾಲ್ವರ್ ಸಾಲದು ಅನ್ನಿಸಿ ಅಮೆರಿಕದ ಸೇನೆ .45 ಹುಡುಕಿತು. ಪರೀಕ್ಷೆಯಲ್ಲಿ 6,000 ಗುಂಡು ಹೊಡೆದರು, ಕಾದಾಗ ನೀರಲ್ಲಿ ಅದ್ದಿ ಮತ್ತೆ ಹೊಡೆದರು. ಪಿಸ್ತೂಲು ಒಮ್ಮೆಯೂ ಕೈಕೊಡಲಿಲ್ಲ. 1911ರ ಮಾರ್ಚ್‌ನಲ್ಲಿ ಸೇನೆಗೆ ಸೇರಿದ್ದು, 1985ರಲ್ಲಿ ಬೆರೆಟ್ಟಾ ಕಂಪನಿಯ ಪಿಸ್ತೂಲಿಗೆ ಜಾಗ ಬಿಟ್ಟಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಸಿಂಗರ್ ಕಂಪನಿ ಕೂಡ 500 ಪಿಸ್ತೂಲು ಮಾಡಿಕೊಟ್ಟಿತ್ತು. ಹೌದು, ನಮ್ಮಜ್ಜಿ ರವಿಕೆ ಹೊಲಿಯುತ್ತಿದ್ದ ಅದೇ ಸಿಂಗರ್!

ಮೊನ್ನೆ ಗೆಳೆಯನ ಗ್ಲಾಕ್ (ಈ ಕಾಲದ ಪಿಸ್ತೂಲು) ಬಿಚ್ಚಿ ನನ್ನದರ ಪಕ್ಕ ಇಟ್ಟು ನೋಡಿದೆ. ಗುಂಡು ಹಾರಿದ ಮೇಲೆ ಬ್ಯಾರೆಲ್, ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಸ್ಲೈಡ್ ಜೊತೆ ಚೂರು ಹಿಂದೆ ಬಂದು, ಅದರ ಹಿಂಭಾಗ ಕೆಳಕ್ಕೆ ಬಾಗಿ ಹಿಡಿತ ಬಿಡಿಸಿಕೊಳ್ಳುತ್ತದೆ. ಎರಡರಲ್ಲೂ ಅದೇ ಉಪಾಯ. ಗ್ಲಾಕ್‌ನ ಫ್ರೇಮ್ (ಹಿಡಿಯಿರುವ ಕೆಳಗಿನ ಮೈ) ಪ್ಲಾಸ್ಟಿಕ್ ಆಗಿದೆ, ಒಳಗೆ ಇನ್ನೂ ಬ್ರೌನಿಂಗ್ ಇದ್ದಾರೆ.

ಇನ್ನು ತಕರಾರು. ಮೊದಲ ವರ್ಷ ಪ್ರತಿ ಮ್ಯಾಗಜಿನ್‌ಗೂ ಒಂದು ಗುಂಡು ಸಿಕ್ಕಿಕೊಳ್ಳುತ್ತಿತ್ತು. ಪಿಸ್ತೂಲನ್ನೇ ಬೈದುಕೊಂಡೆ. ಕೊನೆಗೆ ನೋಡಿದರೆ ಅಂಗಡಿಯವರು ಅಗ್ಗಕ್ಕೆ ಕೊಟ್ಟ ಮ್ಯಾಗಜಿನ್‌ನ ಬಾಯಿ ಅಗಲವಾಗಿತ್ತು. ಒಳ್ಳೆಯದು ಎರಡು ತಂದೆ, ಕಾಟ ನಿಂತಿತು. ಬಿಚ್ಚಿ ಜೋಡಿಸುವುದೂ ಒಂದು ಪರೀಕ್ಷೆಯೇ. ಒಮ್ಮೆ ಬೆರಳು ಜಾರಿ ಸ್ಪ್ರಿಂಗ್‌ನ ಮುಚ್ಚಳ ಚಿಮ್ಮಿ ಫ್ರಿಜ್ ಹಿಂದೆ ಬಿತ್ತು. ಸ್ಲೈಡನ್ನು ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪ್ ಕೂರಿಸುವಾಗ ಫ್ರೇಮ್ ಮೇಲೆ ಅರ್ಧಚಂದ್ರದ ಗೀರೂ ಬಿದ್ದಿದೆ. ಇಲ್ಲಿಯವರು ಅದನ್ನು 'ದಡ್ಡನ ಗೀರು' ಅಂತಾರೆ. .45 ಗುಂಡಿನ ಬೆಲೆಯೂ 9 ಎಂಎಂ ಗುಂಡಿಗಿಂತ ಜಾಸ್ತಿ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಆದರೆ ನನ್ನ ಹಾಗೆ ಮೊದಲ ಪಿಸ್ತೂಲಾಗಿ ಇದನ್ನು ಕೊಳ್ಳಬೇಡಿ. ಎಣ್ಣೆ, ಸ್ಪ್ರಿಂಗ್, ಮ್ಯಾಗಜಿನ್ ಅಂತ ಬೆನ್ನು ಹತ್ತುವ ತಾಳ್ಮೆ ಇದ್ದರೆ ಮಾತ್ರ. ಆಯುಧಪೂಜೆಗೆ ಗುಂಡೆಲ್ಲ ತೆಗೆದು ಇದನ್ನೂ ಕಾರಿನ ಕೀ ಪಕ್ಕ ಇಡುತ್ತೇವೆ. ಹೆಂಡತಿ ಕುಂಕುಮ ಹಚ್ಚುತ್ತಾಳೆ. ಮರುದಿನ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಗ್ರಿಪ್‌ನ ಗೀಟುಗಳಿಂದ ಅದನ್ನು ಕೆರೆಯುವುದು ನನ್ನ ಪಾಡು.