ಉಪ್ಪುಗಾಳಿಯ ಊರಿನಲ್ಲಿ ದರ್ಬುಕಾ: ಮೂರು ವರ್ಷ ನುಡಿಸಿದ ಮೇಲೆ

ಕಾರವಾರದ ಕೋಡಿಬಾಗದ ಬಾಡಿಗೆ ಮನೆಯಲ್ಲಿ ಮೂರು ವರ್ಷಗಳಿಂದ ದರ್ಬುಕಾ ಎಂಬ ಹೂಜಿಯಾಕಾರದ ಕೈವಾದ್ಯ ನುಡಿಸುತ್ತಿದ್ದೇನೆ. ಈ ವಿಮರ್ಶೆ ಎರಡು ಸಂಗತಿಗಳ ಕುರಿತಾದದ್ದು: ಆನ್‌ಲೈನ್‌ನಲ್ಲಿ ತರಿಸಿಕೊಂಡ ಎರಕದ ಅಲ್ಯೂಮಿನಿಯಂ ದರ್ಬುಕಾ ಒಂದು, ಅದನ್ನು ಕಲಿಯಲೆಂದು ಎರಡು ವರ್ಷ ಚಂದಾ ಕಟ್ಟಿದ ಆನ್‌ಲೈನ್ ತರಗತಿ ಇನ್ನೊಂದು. ಕೊಂಡ ವಾರದಲ್ಲೇ ಬರೆಯಲು ಕುಳಿತಿದ್ದರೆ ಎರಡಕ್ಕೂ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ. ಈಗ ವಾದ್ಯಕ್ಕೆ ನಾಲ್ಕು, ತರಗತಿಗೆ ಕಷ್ಟಪಟ್ಟು ಮೂರು.

ನನ್ನ ಹಿನ್ನೆಲೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಏನೂ ಬಾರದೆ ಈ ವಾದ್ಯ ಹಿಡಿಯುವವರ ಕಷ್ಟಕ್ಕೂ ನನ್ನ ಕಷ್ಟಕ್ಕೂ ವ್ಯತ್ಯಾಸವಿದೆ. ಹೊನ್ನಾವರ ಕಡೆಯ ಊರಿನಲ್ಲಿ ಹುಡುಗನಾಗಿದ್ದಾಗ ನಾಲ್ಕು ವರ್ಷ ತಬಲಾ ಕಲಿತಿದ್ದೆ. ಭಜನೆಗೆ ಸಾಥ್ ಕೊಡುವಷ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. ದರ್ಬುಕಾವನ್ನು ಮೊದಲು ಹತ್ತಿರದಿಂದ ಕೇಳಿದ್ದು ಗೋಕರ್ಣದ ಕುಡ್ಲೆ ಕಡಲತೀರದಲ್ಲಿ. ಸಂಜೆ ಹೊತ್ತು ನಾಲ್ಕಾರು ಮಂದಿ ದೊಡ್ಡ ದೊಡ್ಡ ಜೆಂಬೆ ಡೋಲುಗಳನ್ನು ಬಡಿಯುತ್ತಿದ್ದ ಗದ್ದಲದ ನಡುವೆಯೂ ಒಬ್ಬಾತ ತೊಡೆಯ ಮೇಲಿಟ್ಟುಕೊಂಡಿದ್ದ ಸಣ್ಣ ಹೂಜಿಯಂಥ ವಾದ್ಯದ ಸದ್ದು ಮಾತ್ರ ಸೂಜಿ ಚುಚ್ಚಿದಂತೆ ಬೇರೆಯಾಗಿ ಕೇಳಿಸುತ್ತಿತ್ತು. ಅದರ ಹೆಸರು ತಿಳಿದುಕೊಂಡು ಮನೆಗೆ ಬಂದವನಿಗೆ ಇನ್ನೊಂದು ತಮಾಷೆಯೂ ತಿಳಿಯಿತು: ಈಜಿಪ್ಟಿನವರು ಇದೇ ವಾದ್ಯವನ್ನು ‘ತಬ್ಲಾ’ ಎಂದು ಕರೆಯುತ್ತಾರೆ. ಹಾಗಾಗಿ ಅಂತರ್ಜಾಲದಲ್ಲಿ ಪಾಠ ಹುಡುಕುವಾಗ ನಮ್ಮ ತಬಲವೂ ಅವರ ತಬ್ಲಾವೂ ಬೆರೆತು ಬರುತ್ತವೆ.

ಕೊಳ್ಳುವಾಗ ಎದುರಾಗುವ ಮೊದಲ ಪ್ರಶ್ನೆ, ಈಜಿಪ್ಟ್ ಮಾದರಿಯೋ ತುರ್ಕಿ ಮಾದರಿಯೋ ಎಂಬುದು. ಈಜಿಪ್ಟ್ ಮಾದರಿಯಲ್ಲಿ ಮುಖದ ಅಂಚು ದುಂಡಗಾಗಿ ಹೊರಕ್ಕೆ ಇಳಿದಿರುತ್ತದೆ, ಬೆರಳು ಅದರ ಮೇಲೆ ಹಾಯಾಗಿ ಜಾರುತ್ತದೆ. ತುರ್ಕಿ ಮಾದರಿಯಲ್ಲಿ ಬಿಗಿಯುವ ಬಳೆಯೂ ಬೋಲ್ಟುಗಳೂ ಹೊರಗೇ ಕಾಣುತ್ತವೆ, ಅಂಚು ಹರಿತ. ಚಿಟಿಕೆ ಹೊಡೆದು ನುಡಿಸುವವರಿಗೆ ಅದು ಅನುಕೂಲ, ಹೊಸಬರ ಬೆರಳಿಗೆ ಮಾತ್ರ ಶಿಕ್ಷೆ. ನಾನು ಈಜಿಪ್ಟ್ ಮಾದರಿಯದನ್ನು ಆರಿಸಿಕೊಂಡೆ. ಸುಮಾರು 17 ಇಂಚು ಎತ್ತರ, ಒಂಬತ್ತು ಇಂಚಿಗೆ ತುಸು ಕಡಿಮೆ ಅಗಲದ ಮುಖ, ಆರು ಬೋಲ್ಟು, ಚರ್ಮದ ಬದಲು ಪಾರದರ್ಶಕ ಪಾಲಿಯೆಸ್ಟರ್ ಹಾಳೆ. ಸಾಗಾಣಿಕೆ, ಚೀಲ ಎಲ್ಲ ಸೇರಿ 11 ಸಾವಿರ ರೂಪಾಯಿ ಬಿದ್ದಿತು. ಆ ಆಯ್ಕೆಯ ಬಗ್ಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಕುಸುರಿ ಕೆತ್ತನೆಯಂತೆ ಕಾಣುವ ಹೊರಮೈಯ ಬಣ್ಣವು ಎಡಗೈ ಊರುವ ಜಾಗದಲ್ಲಿ ವರ್ಷದೊಳಗೆ ಎದ್ದುಹೋಯಿತು. ನಾದಕ್ಕೂ ಅದಕ್ಕೂ ಸಂಬಂಧವಿಲ್ಲವಾದ್ದರಿಂದ ನಾನದನ್ನು ದೊಡ್ಡದು ಮಾಡುವುದಿಲ್ಲ.

ವಾದ್ಯದ ಮೂಲ ಪೆಟ್ಟುಗಳು ಮೂರೇ. ಬಲಗೈ ಬೆರಳುಗಳನ್ನು ಜೋಡಿಸಿ ಮುಖದ ನಡುವಿನತ್ತ ಹೊಡೆದು, ಬಿಸಿ ಕಾವಲಿ ಮುಟ್ಟಿದವರಂತೆ ಕೂಡಲೇ ಕೈ ಎತ್ತಿಕೊಂಡರೆ ಹುಟ್ಟುವ ತುಂಬಿದ ನಾದ ‘ದುಮ್’. ಅದೇ ಕೈಯ ಬೆರಳಿನಿಂದ ಅಂಚಿಗೆ ಹೊಡೆದರೆ ಬರುವ ಚುರುಕು ಸದ್ದು ‘ತೆಕ್’. ಎಡಗೈಯ ಉಂಗುರ ಬೆರಳು ಅಂಚಿನಲ್ಲಿ ತೆಗೆಯುವ ಅಂಥದೇ ಸದ್ದು ‘ಕ’. ಕೇಳಲು ಇಷ್ಟೇ ಸುಲಭ. ಆದರೆ ತಬಲಾ ಕಲಿತವನಿಗೆ ಇಲ್ಲೊಂದು ಹೊಂಡ ಕಾದಿದೆ. ತಬಲದಲ್ಲಿ ‘ನಾ’ ನುಡಿಸುವಾಗ ತೋರುಬೆರಳು ಅಂಚಿಗೆ ಹೊಡೆಯುತ್ತಿದ್ದರೆ ಉಂಗುರ ಬೆರಳು ಚರ್ಮದ ಮೇಲೆ ಹಗುರವಾಗಿ ಕುಳಿತಿರುತ್ತದೆ. ನಾಲ್ಕು ವರ್ಷದ ಆ ಅಭ್ಯಾಸ ಕೈಯಲ್ಲಿ ಎಷ್ಟು ಬೇರೂರಿತ್ತೆಂದರೆ, ದರ್ಬುಕಾದ ‘ತೆಕ್’ ಹೊಡೆಯುವಾಗಲೂ ಆ ಬೆರಳು ತಾನಾಗಿ ಬಂದು ಹಾಳೆಯ ಮೇಲೆ ಕೂರುತ್ತಿತ್ತು, ಸದ್ದು ಹುಟ್ಟಿದಲ್ಲೇ ಸತ್ತುಹೋಗುತ್ತಿತ್ತು. ನನ್ನ ಸದ್ದು ಯಾಕೆ ಮೊಂಡಾಗಿದೆ ಎಂಬುದೇ ಎರಡು ತಿಂಗಳು ತಿಳಿಯಲಿಲ್ಲ. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ನನ್ನ ಕೈಯನ್ನೇ ಚಿತ್ರೀಕರಿಸಿ ನೋಡಿದಾಗ ಅಪರಾಧಿ ಸಿಕ್ಕಿಬಿದ್ದ. ಆ ಬೆರಳನ್ನು ಕಿರುಬೆರಳಿನ ಜೊತೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿಕೊಂಡು ದಿನಕ್ಕೆ ಇಪ್ಪತ್ತು ನಿಮಿಷ ಬರೀ ‘ತೆಕ್’ ಹೊಡೆದು, ಅದನ್ನು ಮರೆಸಲು ಇನ್ನೂ ಮೂರು ತಿಂಗಳು ಬೇಕಾಯಿತು. ಈ ನಡುವೆ ತೋರುಬೆರಳಿನ ಮೊದಲ ಗೆಣ್ಣು ಲೋಹದ ಅಂಚು ತಾಗಿ ತಾಗಿ ಊದಿಕೊಂಡಿತ್ತು. ಜೋರಾಗಿ ಹೊಡೆದರೆ ಸದ್ದು ಚುರುಕಾಗುತ್ತದೆ ಎಂಬ ಭ್ರಮೆಯ ಫಲವದು. ನಿಜಕ್ಕೂ ಮಣಿಕಟ್ಟು ಸಡಿಲವಿದ್ದಷ್ಟೂ ‘ತೆಕ್’ ತೆಳ್ಳಗೆ, ಸ್ಪಷ್ಟವಾಗಿ ಬರುತ್ತದೆ.

ಈಗ ತರಗತಿಯ ವಿಷಯ. ತಿಂಗಳಿಗೆ ಸುಮಾರು 1,200 ರೂಪಾಯಿಯ ಚಂದಾ. ಮೊದಲ ವರ್ಷ ಅದು ಕೊಟ್ಟ ಹಣಕ್ಕೆ ಮೋಸ ಮಾಡಲಿಲ್ಲ. ಕೈಯನ್ನು ಮೇಲಿನಿಂದ ತೋರಿಸುವ ಕ್ಯಾಮೆರಾ, ವೇಗವನ್ನು ಅರ್ಧಕ್ಕಿಳಿಸಿ ನೋಡುವ ಸೌಲಭ್ಯ, ಒಂದೊಂದೇ ತಾಳವನ್ನು ಬಿಡಿಸಿ ಹೇಳುವ ಕ್ರಮ ಎಲ್ಲವೂ ಚೆನ್ನಾಗಿದ್ದವು. ಎಂಟು ಮಾತ್ರೆಗಳ, ಎಂದರೆ ಎಂಟು ಎಣಿಕೆಗಳ, ‘ಮಕ್ಸೂಮ್’ ತಾಳ ಅಲ್ಲಿ ಕಲಿತದ್ದು: ದುಮ್, ತೆಕ್, ಬಿಡುವು, ತೆಕ್, ದುಮ್, ಬಿಡುವು, ತೆಕ್, ಬಿಡುವು. ಇದರ ಎರಡನೆಯ ಮಾತ್ರೆಯ ತೆಕ್ ತೆಗೆದು ದುಮ್ ಇಟ್ಟರೆ ‘ಬಲದಿ’ ಆಗುತ್ತದೆ. ಎರಡನೆಯ ಮಾತ್ರೆಯ ತೆಕ್ ಹಾಗೇ ಬಿಟ್ಟು ನಾಲ್ಕನೆಯ ಮಾತ್ರೆಯಲ್ಲಿ ದುಮ್ ಇಟ್ಟರೆ ‘ಸಯೀದಿ’. ಒಂದೇ ಪೆಟ್ಟು ಬದಲಾದರೆ ತಾಳದ ಹೆಸರೂ ನಡೆಯೂ ಬದಲಾಗುವ ಈ ಜಿಪುಣತನ ನನಗೆ ಬಹಳ ಹಿಡಿಸಿತು. ಮೂರು, ಮೂರು, ಎರಡು ಎಂದು ಒಡೆಯುವ ‘ಮಲ್ಫೂಫ್’ ಒಂದು ವಾರದಲ್ಲಿ ಕೈಗೆ ಬಂದಿತು, ಏಕೆಂದರೆ ಆ ನಡಿಗೆಯನ್ನು ಎಷ್ಟೋ ಸಿನಿಮಾ ಹಾಡುಗಳಲ್ಲಿ ಹೆಸರು ಗೊತ್ತಿಲ್ಲದೆಯೇ ಕೇಳಿರುತ್ತೇವೆ.

ಎರಡನೆಯ ವರ್ಷದಲ್ಲಿ ತರಗತಿಯ ದೌರ್ಬಲ್ಯ ಹೊರಬಿತ್ತು. ಅಲ್ಲಿ ಎಲ್ಲರೂ ತೋರಿಸುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ನನ್ನ ಉಂಗುರ ಬೆರಳಿನ ತಪ್ಪನ್ನು ಎದುರಿಗೆ ಕುಳಿತ ಗುರು ಮೊದಲ ದಿನವೇ ಹಿಡಿಯುತ್ತಿದ್ದರು. ಇಲ್ಲಿ ಅದನ್ನು ತಿದ್ದಿಸಿಕೊಳ್ಳಬೇಕಾದರೆ ಮೂರು ಪಟ್ಟು ಚಂದಾ ಕಟ್ಟಿ ವಿಡಿಯೋ ಕಳಿಸಬೇಕು. ಪಾಠಗಳು ಕೂಡ ಅಷ್ಟರಲ್ಲಿ ‘ಸ್ಪ್ಲಿಟ್ ಫಿಂಗರ್’ ಕಡೆ ಓಡಿದವು. ತುರ್ಕಿಯ ಮಿಸಿರ್ಲಿ ಅಹ್ಮೆತ್ ಎಂಬ ಕಲಾವಿದರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಕ್ರಮದಲ್ಲಿ ಬೆರಳುಗಳನ್ನು ಬಿಡಿಬಿಡಿಯಾಗಿ ದುಡಿಸಿ ಮಳೆಹನಿಯ ವೇಗ ತರುತ್ತಾರೆ. (ಮಿಸಿರ್ಲಿ ಎಂದರೆ ತುರ್ಕಿ ಭಾಷೆಯಲ್ಲಿ ‘ಈಜಿಪ್ಟಿನವ’.) ಅದು ಅದ್ಭುತವೇ ಹೌದು, ಆದರೆ ದುಮ್‌ಗೂ ತೆಕ್‌ಗೂ ನಡುವಿನ ಬಿಡುವೇ ಸರಿಯಾಗಿ ನಿಲ್ಲದವನಿಗೆ ಅದನ್ನು ಕಲಿಸುವುದು ಕುಳಿತುಕೊಳ್ಳಲು ಬಾರದವನಿಗೆ ಓಟ ಕಲಿಸಿದ ಹಾಗೆ. ಚಂದಾ ನಿಲ್ಲಿಸಲು ಹೋದಾಗ ಇನ್ನೊಂದು ವರ್ಷದ ಹಣ ಆಗಲೇ ಖಾತೆಯಿಂದ ಕಡಿತವಾಗಿತ್ತು. ಮೂರು ಇ–ಮೇಲ್ ಬರೆದ ಮೇಲೆ ಅರ್ಧ ಮರಳಿ ಬಂದಿತು. ಸ್ವಯಂಚಾಲಿತ ಪಾವತಿಗೆ ಒಪ್ಪಿಗೆ ಕೊಡುವ ಮುನ್ನ ರದ್ದತಿಯ ನಿಯಮ ಓದಿಕೊಳ್ಳಿ.

ನನ್ನನ್ನು ತಿದ್ದಿದವರು ಕೊನೆಗೆ ಊರಿನಲ್ಲೇ ಸಿಕ್ಕಿದರು. ದೊಡ್ಡಪ್ಪ ತಾಳಮದ್ದಲೆಗಳಲ್ಲಿ ಮದ್ದಲೆ ನುಡಿಸುತ್ತಾರೆ, ದರ್ಬುಕಾದ ಹೆಸರನ್ನೇ ಕೇಳಿದವರಲ್ಲ. ಚೌತಿಗೆ ಊರಿಗೆ ವಾದ್ಯ ಒಯ್ದಿದ್ದಾಗ ನಾನು ಉತ್ಸಾಹದಿಂದ ಮಕ್ಸೂಮ್ ನುಡಿಸಿ ವೇಗ ಏರಿಸುತ್ತ ಹೋದೆ. ಅವರು ಕವಳ ಅಗಿಯುವುದನ್ನು ನಿಲ್ಲಿಸಿ, “ತಮಾ, ಕೈ ಓಡ್ತು, ತಾಳ ನಿಲ್ತಿಲ್ಲೆ” ಎಂದರು. ಆಮೇಲೆ ವಾದ್ಯವನ್ನು ಬದಿಗಿಡಿಸಿ, ಪೆಟ್ಟುಗಳನ್ನು ಬಾಯಲ್ಲಿ ಹೇಳುತ್ತ ಕೈಯಲ್ಲಿ ತಾಳ ಹಾಕಿಸಿದರು. ದುಮ್, ತೆಕ್ ಎಂಬ ಹೆಸರುಗಳು ಇರುವುದೇ ಹೇಳಿಕೊಳ್ಳಲು ಎಂಬುದು ತಬಲದ ಬೋಲುಗಳನ್ನು, ಎಂದರೆ ಪೆಟ್ಟಿನ ಹೆಸರುಗಳನ್ನು, ಬಾಯಿಪಾಠ ಮಾಡಿ ಬೆಳೆದ ನನಗೆ ಹೊಳೆಯದೇ ಹೋಗಿತ್ತು. ಪರದೆಯ ಮೇಲಿನ ಕೈಯನ್ನು ನೋಡಿ ನೋಡಿ ನನ್ನದು ಕಣ್ಣಿನ ಕಲಿಕೆಯಾಗಿಬಿಟ್ಟಿತ್ತು. ಬಿಡುವಿನ ಮಾತ್ರೆಯನ್ನೂ ಬಾಯಲ್ಲಿ ‘ಮ್’ ಎಂದು ಹೇಳತೊಡಗಿದ ಮೇಲೆ ಎರಡೇ ವಾರದಲ್ಲಿ ಓಟ ನಿಂತಿತು.

ಕರಾವಳಿಯಲ್ಲಿ ಈ ವಾದ್ಯ ಕೊಳ್ಳುವವರು ಮುಖ್ಯವಾಗಿ ಓದಬೇಕಾದದ್ದು ಮುಂದಿನ ಭಾಗ. ನಮ್ಮ ಮನೆಗೂ ಸಮುದ್ರಕ್ಕೂ ಹೆಚ್ಚು ದೂರವಿಲ್ಲ, ಕಿಟಕಿಯ ಸರಳುಗಳೇ ವರ್ಷಕ್ಕೊಮ್ಮೆ ಬಣ್ಣ ಬೇಡುತ್ತವೆ. ಎರಡನೆಯ ಮಳೆಗಾಲ ಮುಗಿದಾಗ ಶ್ರುತಿ ತುಸು ಇಳಿದಂತೆ ಕಂಡು ಅಲೆನ್ ಕೀ (ಬೋಲ್ಟು ತಿರುಗಿಸುವ ಷಟ್ಕೋನದ ಕೀಲಿ) ಹಾಕಿದರೆ ಆರು ಬೋಲ್ಟುಗಳಲ್ಲಿ ಎರಡು ಅಲುಗಲಿಲ್ಲ. ಬೋಲ್ಟಿನ ಬುಡದಲ್ಲಿ ಸುಣ್ಣದಂಥ ಬಿಳಿ ಪುಡಿ ಕೂತಿತ್ತು. ಹಟ ಹಿಡಿದು ತಿರುಗಿಸಿದ್ದರಿಂದ ಒಂದರ ತಲೆಯ ಒಳಗಿನ ಷಟ್ಕೋನ ಸವೆದು ದುಂಡಗಾಯಿತು. ಹತ್ತಿರದ ಬೈಕ್ ಗ್ಯಾರೇಜಿನವರು ಡ್ರಿಲ್ ಹೊಡೆಯಬೇಕು ಎಂದರು. ನಾನು ಬೈತಖೋಲ ಬಂದರಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುವವರೊಬ್ಬರ ಬಳಿಗೆ ಒಯ್ದೆ. ಅವರು ನೋಡಿದವರೇ ನಕ್ಕು, ಇದು ದೋಣಿಗೆ ಬರುವ ರೋಗವೇ, ಡೋಲಿಗೂ ಬಂದಿದೆ ಅಷ್ಟೆ ಎಂದರು. ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡಿರುವಲ್ಲಿ ಉಪ್ಪಿನ ತೇವ ಸೇರಿದರೆ ಬ್ಯಾಟರಿಯೊಳಗೆ ನಡೆಯುವಂಥದೇ ಕ್ರಿಯೆ ಶುರುವಾಗಿ, ಎರಡರಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಆ ಸವೆತದ ಪುಡಿಯೇ ತಿರುಪಿನ ಎಳೆಗಳ ನಡುವೆ ತುಂಬಿ ಬೋಲ್ಟನ್ನು ಕಚ್ಚಿಹಿಡಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಮರುದಿನ ಬೋಲ್ಟಿನ ಸುತ್ತ ಸ್ವಲ್ಪ ಬಿಸಿ ಕೊಟ್ಟು, ಬಿಗಿಯುವ ದಿಕ್ಕಿಗೊಮ್ಮೆ ಸಡಿಲಿಸುವ ದಿಕ್ಕಿಗೊಮ್ಮೆ ಕೂದಲೆಳೆಯಷ್ಟು ಆಡಿಸುತ್ತ ಅವರು ಎರಡನ್ನೂ ಹೊರತೆಗೆದರು. ಆರೂ ಬೋಲ್ಟುಗಳನ್ನು ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಾಯಿಸಿ ಎಳೆಗಳಿಗೆ ದಪ್ಪ ಗ್ರೀಸ್ ಸವರಿ ಕೊಟ್ಟರು. ಸ್ಟೇನ್‌ಲೆಸ್ ಆದಮಾತ್ರಕ್ಕೆ ಸಾಲದು, ಗ್ರೀಸ್ ಇಲ್ಲದಿದ್ದರೆ ಅದೂ ಕಚ್ಚಿಕೊಳ್ಳುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಅಂದಿನಿಂದ ವರ್ಷಕ್ಕೆರಡು ಸಲ, ಮಳೆಗಾಲದ ಹಿಂದೊಮ್ಮೆ ಮುಂದೊಮ್ಮೆ, ಒಂದೊಂದೇ ಬೋಲ್ಟು ಬಿಚ್ಚಿ ಒರೆಸಿ ಗ್ರೀಸ್ ಹಚ್ಚುತ್ತೇನೆ. ಮಾರಿದ ಅಂಗಡಿಯವರು ಕಳಿಸಿದ ಹಾಳೆಯಲ್ಲಿ ಈ ಬಗ್ಗೆ ಒಂದಕ್ಷರವಿರಲಿಲ್ಲ. ವಾದ್ಯಕ್ಕೆ ಒಂದು ನಕ್ಷತ್ರ ಕಡಿಮೆ ಮಾಡಿದ್ದು ಅದಕ್ಕಾಗಿ.

ಬೋಲ್ಟುಗಳನ್ನು ಬಿಗಿಯುವಾಗ ಬಸ್ಸಿನ ಚಕ್ರದ ನಟ್ಟು ಬಿಗಿಯುವ ಕ್ರಮವನ್ನೇ ಅನುಸರಿಸಬೇಕು, ಎಂದರೆ ಒಂದಾದ ಮೇಲೆ ಅದರ ಎದುರಿನದು, ಪ್ರತಿ ಸಲ ಕಾಲು ಸುತ್ತಿಗಿಂತ ಹೆಚ್ಚಿಲ್ಲ. ಪ್ರತಿ ಬೋಲ್ಟಿನ ಬಳಿ ಬೆರಳಿನಿಂದ ತಟ್ಟಿ ನೋಡಿ ಆರೂ ಕಡೆ ಒಂದೇ ಸದ್ದು ಬರುವಂತೆ ಮಾಡಿಕೊಂಡರೆ ಸಾಕು. ಶ್ರುತಿ ಏರಿದಷ್ಟೂ ತೆಕ್ ಮಿಂಚುತ್ತದೆಂದು ಅತಿಯಾಗಿ ಬಿಗಿದರೆ ದುಮ್ ಸೊರಗಿಹೋಗುತ್ತದೆ.

ಲೋಹ ನರಳಿತಾದರೂ ಮುಖದ ಹಾಳೆ ಮಾತ್ರ ನಮ್ಮ ಮಳೆಗೆ ಜಗ್ಗಲಿಲ್ಲ. ಇದರ ಬೆಲೆ ತಿಳಿಯಬೇಕಾದರೆ ಗುಮಟೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಂಕೋಲೆಯ ಸ್ನೇಹಿತರೊಬ್ಬರ ಮನೆಯಲ್ಲಿ ಗುಮಟೆಯಿದೆ. ಸುಟ್ಟ ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದ, ಇನ್ನೊಂದು ಬಾಯಿ ತೆರೆದಿರುವ ವಾದ್ಯವದು. ಹಿಂದೆ ಅದಕ್ಕೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇರುವುದರಿಂದ ಈಗ ಆಡಿನ ಚರ್ಮವೇ ಗತಿ. ದರ್ಬುಕಾದ ಹಳೆಯ ರೂಪವೂ ಮಣ್ಣಿನದೇ, ಆಡಿನ ಅಥವಾ ಮೀನಿನ ಚರ್ಮ ಹೊದಿಸಿದ್ದು, ಹಾಗಾಗಿ ಎರಡೂ ಒಂದೇ ಗೋತ್ರದ ವಾದ್ಯಗಳೆಂದು ನನಗೆ ಅನ್ನಿಸುತ್ತದೆ. ಜುಲೈ ತಿಂಗಳಲ್ಲಿ ಅವರ ಗುಮಟೆಯ ಚರ್ಮ ತೇವ ಹೀರಿ ಇಳಿದುಹೋಗುತ್ತದೆ, ಒಲೆಯ ಕಾವಿಗೆ ಹಿಡಿಯದೆ ನಾದವೇ ಇಲ್ಲ. ಅದೇ ದಿನ ನನ್ನ ದರ್ಬುಕಾ ಚೀಲದಿಂದ ತೆಗೆದ ಕೂಡಲೇ ಸಿದ್ಧ. ಆದರೆ ಕಾವು ಹತ್ತಿದ ಗುಮಟೆಯಲ್ಲಿ, ತೆರೆದ ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದಾಗ ಹೊರಡುವ ಆ ಗುಂಯ್‌ಗುಟ್ಟುವ ದನಿಯ ಮುಂದೆ ಪ್ಲಾಸ್ಟಿಕ್ ಹಾಳೆಯ ದುಮ್ ಬಡವಾಗಿ ಕೇಳುತ್ತದೆ. ದರ್ಬುಕಾದ ಕೆಳಬಾಯಿಗೂ ಕೈ ಹಾಕಿ ದನಿ ಬಾಗಿಸುವ ಕ್ರಮವಿದೆ, ನಾನೂ ಮಾಡಿ ನೋಡಿದ್ದೇನೆ. ಅದು ಗುಮಟೆಗೆ ಸಾಟಿಯಲ್ಲ.

ಭಜನೆಗೆ ಆಗುತ್ತದೆಯೇ ಎಂದು ಹಲವರು ಕೇಳಿದ್ದಾರೆ. ಕೆಹರ್ವಾ ತಾಳದ ನಡೆಯ ಚುರುಕಿನ ಹಾಡುಗಳಿಗೆ ಆಗುತ್ತದೆ. ನಿಧಾನದ ಹಾಡಿಗೆ ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಮೇಲೆ ಮಣಿಕಟ್ಟು ಒತ್ತಿ ಜಾರಿಸುವ ಆ ಗಮಕವಿಲ್ಲದೆ ಒಣಗಿದಂತೆ ಕೇಳುತ್ತದೆ. ಅಕ್ಕಪಕ್ಕದ ಮನೆಯವರಿರುವಲ್ಲಿ ರಾತ್ರಿ ಅಭ್ಯಾಸ ಮಾಡುವುದಾದರೆ ಒಳಗೆ ಹಳೆಯ ಟವೆಲ್ ತುರುಕಿಕೊಳ್ಳಿ. ಆಗ ದುಮ್ ಮುಕ್ಕಾಲು ಸಾಯುತ್ತದೆ, ತೆಕ್ ಉಳಿಯುತ್ತದೆ, ಜಗಳ ತಪ್ಪುತ್ತದೆ.

ಈಗ ನಾನು ಹಿಡಿದಿರುವುದು ‘ಸಮಾಯಿ ಸಕೀಲ್’ ಎಂಬ 10 ಮಾತ್ರೆಗಳ ತಾಳ. ನಮ್ಮ ಝಪ್‌ತಾಲವೂ 10 ಮಾತ್ರೆಯದೇ ಆದ್ದರಿಂದ ಸುಲಭವಾದೀತು ಎಂದುಕೊಂಡಿದ್ದೆ. ಆದರೆ ಝಪ್‌ತಾಲ ಎರಡು, ಮೂರು, ಎರಡು, ಮೂರು ಎಂದು ನಡೆದರೆ ಇದು ಮೂರು, ಎರಡು, ಎರಡು, ಮೂರು ಎಂದು ನಡೆಯುತ್ತದೆ: ಒಂದರಲ್ಲಿ ದುಮ್, ನಾಲ್ಕರಲ್ಲಿ ತೆಕ್, ಆರು ಮತ್ತು ಏಳರಲ್ಲಿ ಎರಡು ದುಮ್, ಎಂಟರಲ್ಲಿ ತೆಕ್. ಊರಿಗೆ ಹೋದಾಗಲೆಲ್ಲ ದೊಡ್ಡಪ್ಪನೇ ತಾಳ ಹಾಕುತ್ತಾರೆ. ಆರನೆಯ ಮಾತ್ರೆಯ ದುಮ್‌ಗೆ ನನ್ನ ಕೈ ಇನ್ನೂ ಕೂದಲೆಳೆಯಷ್ಟು ಮೊದಲೇ ಬೀಳುತ್ತದೆ, ಅವರು ತಾಳದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಏನೂ ಹೇಳದೆ, ಮತ್ತೆ ಒಂದರಿಂದ ಶುರುಮಾಡುತ್ತಾರೆ.