ತಾಲ್ಲೂಕು ಆಸ್ಪತ್ರೆಯಲ್ಲಿ ಅಮ್ಮನ ಡಯಾಲಿಸಿಸ್: ಮೂರು ವರ್ಷ ಜೊತೆಗೆ ಹೋಗಿಬಂದ ಮಗಳ ಅನುಭವ

ಅಮ್ಮನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷ ದಾಟಿತು. ಮೊದಲ ನಾಲ್ಕು ತಿಂಗಳು ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಲಕ್ಕೆ 1,800 ರೂಪಾಯಿ ಕೊಟ್ಟು ಡಯಾಲಿಸಿಸ್ ಮಾಡಿಸಿದೆವು. ಇಂಜೆಕ್ಷನ್, ಓಡಾಟ ಎಲ್ಲ ಬೇರೆ. ಕೈಯಲ್ಲಿದ್ದದ್ದು ಕರಗುತ್ತಾ ಬಂದಾಗ ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಬಂದೆವು. ಅಲ್ಲಿಂದ ಇಲ್ಲಿಯವರೆಗೆ ವಾರಕ್ಕೆ ಎರಡು ದಿನ, ದಿನಕ್ಕೆ ನಾಲ್ಕು ಗಂಟೆ. ಮುನ್ನೂರರ ಹತ್ತಿರ ಆಗಿದೆ. ಬೇರೆ ಊರಿನ ಸಂಬಂಧಿಕರು, ಅವರ ಪರಿಚಯದವರು ಫೋನ್ ಮಾಡಿ "ಸರ್ಕಾರಿ ಆಸ್ಪತ್ರೆಯಲ್ಲಿ ನಂಬಿ ಮಾಡಿಸಬಹುದಾ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಖರ್ಚಿನ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ನಮ್ಮದು ಬಿಪಿಎಲ್ ಕಾರ್ಡ್. ಮೂರು ವರ್ಷದಲ್ಲಿ ಡಯಾಲಿಸಿಸ್‌ಗೆಂದು ಇಲ್ಲಿ ಒಂದು ರೂಪಾಯಿ ಕಟ್ಟಿಲ್ಲ. ರಕ್ತ ಹೆಚ್ಚಿಸುವ ಇಂಜೆಕ್ಷನ್ ಬಹಳ ಸಲ ಅಲ್ಲೇ ಸಿಗುತ್ತದೆ, ಸ್ಟಾಕ್ ಇಲ್ಲದಾಗ ಹೊರಗೆ ತಂದಿದ್ದೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮ್ಮಿಬ್ಬರಿಗೂ ಬಸ್ ಚಾರ್ಜೂ ಇಲ್ಲ.

ಆದರೆ ಪುಕ್ಕಟೆ ಎಂಬ ಒಂದೇ ಕಾರಣಕ್ಕೆ ಅಮ್ಮನನ್ನು ಅಲ್ಲಿ ಮಲಗಿಸಿಲ್ಲ. ಆ ಖಾಸಗಿ ಆಸ್ಪತ್ರೆಯಲ್ಲಿ ಎಸಿ ಇತ್ತು, ಟಿವಿ ಇತ್ತು, ನೆಲ ಹೊಳೆಯುತ್ತಿತ್ತು. ಚುಚ್ಚುವವರು ಮಾತ್ರ ವಾರಕ್ಕೊಬ್ಬರು. ಅಮ್ಮನ ಎಡಗೈ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಎರಡು ಸಲ ಊದಿ ನೀಲಿಗಟ್ಟಿತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಆ ಕೈಯೇ ಜೀವ. ಅದರಲ್ಲಿ ಬಿಪಿ ನೋಡುವ ಹಾಗಿಲ್ಲ, ರಕ್ತ ತೆಗೆಯುವ ಹಾಗಿಲ್ಲ, ತಲೆದಿಂಬು ಮಾಡಿಕೊಂಡು ಮಲಗುವ ಹಾಗೂ ಇಲ್ಲ.

ತಾಲ್ಲೂಕು ಆಸ್ಪತ್ರೆಗೆ ಬಂದ ಮೊದಲ ದಿನ ಟೆಕ್ನಿಷಿಯನ್ ಹುಡುಗ ಕೈ ತೊಳೆದು ಬಂದು ಅಮ್ಮನ ಕೈ ಹಿಡಿದುಕೊಂಡ. ಸೂಜಿ ಮುಟ್ಟಲಿಲ್ಲ. ಎರಡು ಬೆರಳಿಟ್ಟು ನಾಳದುದ್ದಕ್ಕೂ ಮೆಲ್ಲಗೆ ಸರಿಸುತ್ತಾ ಹೋದ, ಆಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿದ. "ಅಮ್ಮಾ, ಇಲ್ಲಿ ಜುಮ್ ಅಂತಿದೆ ನೋಡಿ. ದಿನಾ ಬೆಳಗ್ಗೆ ಎದ್ದ ತಕ್ಷಣ ನೀವೇ ಮುಟ್ಟಿ ನೋಡ್ಕೋಬೇಕು. ಜುಮ್ ಅನ್ನೋದು ನಿಂತರೆ ಆವತ್ತೇ ಬನ್ನಿ, ನಾಳೆ ಅನ್ನಬೇಡಿ" ಅಂದ. ನಾಲ್ಕು ತಿಂಗಳಲ್ಲಿ ಈ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಹಿಂದಿನ ಸಲ ಎಲ್ಲಿ ಚುಚ್ಚಿದ್ದು ಅಂತ ನೋಡಿ, ಅಲ್ಲಿಂದ ದೂರ ಸರಿದು ಚುಚ್ಚಿದ. ದಿನವೂ ಅದೇ ಜಾಗದ ಸುತ್ತ ಚುಚ್ಚಿದರೆ ನಾಳ ಉಬ್ಬಿ ಗಂಟಾಗುತ್ತದಂತೆ. ಇವತ್ತಿಗೂ ಅಮ್ಮ ಬೆಳಗ್ಗೆ ಕಣ್ಣು ಬಿಟ್ಟವಳೇ ಬಲಗೈ ಬೆರಳನ್ನು ಎಡಗೈ ಮೇಲಿಡುತ್ತಾಳೆ. ಕಾಫಿ ಆಮೇಲೆ.

ಹೊಸದಾಗಿ ಒಂದು ಡಯಾಲಿಸಿಸ್ ಘಟಕಕ್ಕೆ ಹೋಗುವವರು ಮೊದಲು ಗಮನಿಸಬೇಕಾದದ್ದು ತೂಕ ಎನ್ನುತ್ತೇನೆ. ಯಂತ್ರಕ್ಕೆ ಹಾಕುವ ಮುಂಚೆ ಒಂದು ಸಲ, ಇಳಿಸಿದ ಮೇಲೆ ಒಂದು ಸಲ ತೂಕ ನೋಡಿ ಬರೆಯಬೇಕು. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ ಇರುವ ತೂಕವನ್ನು ಡ್ರೈ ವೇಟ್ ಅನ್ನುತ್ತಾರೆ. ಎಷ್ಟು ನೀರು ತೆಗೆಯಬೇಕು ಅನ್ನುವ ಲೆಕ್ಕ ಅದರ ಮೇಲೆ ನಿಂತಿದೆ. ಇದನ್ನು ನಾನು ಕಲಿತದ್ದು ಒಂದು ಕೆಟ್ಟ ದಿನ.

ಎರಡನೇ ವರ್ಷದ ಮಳೆಗಾಲ. ತೂಕದ ಯಂತ್ರ ಕೆಟ್ಟಿತ್ತು. ಹಿಂದಿನ ಸಲದ ತೂಕವನ್ನೇ ಬರೆದುಕೊಂಡು ಮೂರು ಲೀಟರ್ ತೆಗೆಯಲು ಹಾಕಿದರು. ಆ ವಾರ ಅಮ್ಮನಿಗೆ ಜ್ವರ, ಊಟ ನೀರು ಏನೂ ಸೇರಿರಲಿಲ್ಲ, ಮೈಯಲ್ಲಿ ಅಷ್ಟು ನೀರೇ ಇರಲಿಲ್ಲ. ಮೂರನೇ ಗಂಟೆಗೆ ಕಾಲಿನ ಮೀನಖಂಡ ಹಿಡಿದುಕೊಂಡು ಕಿರುಚಿದಳು, ಬೆವರಿ ತಣ್ಣಗಾದಳು, ಬಿಪಿ ಕುಸಿಯಿತು. ಸಿಸ್ಟರ್ ಓಡಿಬಂದು ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಎತ್ತರಕ್ಕಿಟ್ಟು, ಸಲೈನ್ ಬಿಟ್ಟರು. ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟಳು. ನನ್ನ ಕೈಕಾಲು ಸಂಜೆವರೆಗೂ ನಡುಗುತ್ತಿತ್ತು.

ತಪ್ಪು ಅವರದೇ. ಮರುದಿನ ಹೋಗಿ ವೈದ್ಯಾಧಿಕಾರಿಗೆ ಬರೆದುಕೊಟ್ಟೆ. ಅವರು ವಾದ ಮಾಡಲಿಲ್ಲ. ಮುಂದಿನ ವಾರ ಹೊಸ ತೂಕದ ಯಂತ್ರ ಬಂದಿತ್ತು. ಹಾಸಿಗೆ ಹಾಸಿಗೆಗೂ ಒಂದು ಹಾಳೆ ನೇತುಹಾಕಿ, ರೋಗಿಯ ಎದುರೇ ತೂಕ ಬರೆಯುವ ಪದ್ಧತಿ ಶುರು ಮಾಡಿದರು. ಈಗಲೂ ನಡೆಯುತ್ತಿದೆ. ನನಗೆ ಈ ಆಸ್ಪತ್ರೆಯ ಮೇಲೆ ಗಟ್ಟಿ ನಂಬಿಕೆ ಬಂದದ್ದು ಆಗಲೇ.

ಇನ್ನು ರಿಪೋರ್ಟ್. ತಿಂಗಳಿಗೊಮ್ಮೆ ಡಯಾಲಿಸಿಸ್‌ಗೆ ಮುಂಚೆ ಮತ್ತು ಆಮೇಲೆ ರಕ್ತದಲ್ಲಿ ಯೂರಿಯಾ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) ಎಷ್ಟಿದೆ ಅಂತ ನೋಡುತ್ತಾರಾ ಕೇಳಿ. ಮುಂಚೆ 140 ಇದ್ದದ್ದು ಆಮೇಲೆ 45ಕ್ಕೆ ಬಂದರೆ ಶೇ. 68ರಷ್ಟು ಇಳಿದ ಹಾಗೆ. ಶೇ. 65ಕ್ಕಿಂತ ಕಡಿಮೆ ಇಳಿಯುತ್ತಿದ್ದರೆ ರಕ್ತ ಸರಿಯಾಗಿ ಶುದ್ಧವಾಗುತ್ತಿಲ್ಲ ಎಂದರ್ಥ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯನ್ನೂ ಕೆಲವು ತಿಂಗಳಿಗೊಮ್ಮೆ ಮಾಡಬೇಕು. ಹೆಪಟೈಟಿಸ್ ಬಿ ಇರುವವರಿಗೆ ಯಂತ್ರವೇ ಬೇರೆ ಇರಬೇಕು. ಇಲ್ಲಿ ಗೋಡೆಯ ಪಕ್ಕದ ಯಂತ್ರವನ್ನು ಅದಕ್ಕೆಂದೇ ಇಟ್ಟಿದ್ದಾರೆ. ರಿಪೋರ್ಟಿನ ಜೆರಾಕ್ಸ್ ಕೇಳಿದಾಗ ಮುಖ ಸಿಂಡರಿಸದೆ ಕೊಡುತ್ತಾರೆ. ನಾನು ಎಲ್ಲವನ್ನೂ ಒಂದು ನೂರು ಪುಟದ ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ದೇನೆ. ಮೈಸೂರಿನ ಕಿಡ್ನಿ ಡಾಕ್ಟರಿಗೆ ತೋರಿಸಲು ಹೋದಾಗ ಅವರು ಮೊದಲು ಕೈಚಾಚುವುದು ಆ ಪುಸ್ತಕಕ್ಕೆ.

ಕೊರತೆಗಳು ಸಣ್ಣವಲ್ಲ. ಕಿಡ್ನಿ ತಜ್ಞರು ಇಲ್ಲಿಲ್ಲ, ಫಿಸಿಷಿಯನ್ ಒಬ್ಬರೇ ನೋಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಬೇಕೆನ್ನುತ್ತಾರೆ. ಇರುವ ಐದು ಯಂತ್ರಕ್ಕೆ ಜನ ಹೆಚ್ಚಾಗಿ ನಮಗೆ ಸಿಗುವುದು ಎರಡೇ. ಹಾಗಾಗಿ ಮನೆಯಲ್ಲಿ ನೀರಿನ ಲೆಕ್ಕ ಬಿಗಿ, ಎಳನೀರು, ಬಾಳೆಹಣ್ಣು ಪೂರ್ತಿ ಬಂದ್. ಟೆಕ್ನಿಷಿಯನ್‌ಗಳು ಗುತ್ತಿಗೆಯವರು. ಸಂಬಳ ತಿಂಗಳುಗಟ್ಟಲೆ ತಡವಾಗಿ, ಒಂದು ಸಲ ಅವರು ಕೆಲಸ ನಿಲ್ಲಿಸಿದಾಗ ಅಮ್ಮನನ್ನು ಮೂವತ್ತು ಮೈಲಿ ಆಚೆ ಕರೆದೊಯ್ದಿದ್ದೆವು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಜತನದಿಂದ ಕೈ ಹಿಡಿದು ನೋಡುವ ಹುಡುಗನಿಗೆ ಸಂಬಳ ಕೊಡದೆ ದುಡಿಸುವುದು ಅನ್ಯಾಯ, ಅದರ ಪೆಟ್ಟು ಬಂದು ಬೀಳುವುದು ಹಾಸಿಗೆಯ ಮೇಲಿರುವವರಿಗೆ.

ನೀರಿನದೂ ಒಂದು ಕಥೆ. ಒಬ್ಬರಿಗೆ ನಾಲ್ಕು ಗಂಟೆಗೆ ಶುದ್ಧ ಮಾಡಿದ ನೀರೇ ಸುಮಾರು 120 ಲೀಟರ್ ಬೇಕು. ಕಳೆದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ತಡವಾದ ದಿನಗಳಲ್ಲಿ ನಾಲ್ಕು ಗಂಟೆ ಮೂರಕ್ಕಿಳಿಯಿತು. ಮೊದಲೇ ಹೇಳಿ ಮಾಡಿದರು ನಿಜ, ಆದರೂ ಆ ವಾರ ಅಮ್ಮನಿಗೆ ಉಸಿರು ಕಟ್ಟಿ ರಾತ್ರಿಯೆಲ್ಲ ಕುಳಿತೇ ಇದ್ದಳು. ಆಗ 104 ಸಹಾಯವಾಣಿಗೆ ದೂರು ಕೊಟ್ಟೆವು, ನಾನೊಬ್ಬಳೇ ಅಲ್ಲ, ನಮ್ಮ ಶಿಫ್ಟಿನ ಐದೂ ಮನೆಯವರು. ಈಗ ಮೇಲೆ ಇನ್ನೊಂದು ದೊಡ್ಡ ಸಿಂಟೆಕ್ಸ್ ಟ್ಯಾಂಕ್ ಬಂದಿದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮೂರನೇ ದಿನದ ಡಯಾಲಿಸಿಸ್‌ಗೆ ಅರ್ಜಿ ಕೊಟ್ಟು ಏಳು ತಿಂಗಳಾಯಿತು. ಇನ್ನೆರಡು ಯಂತ್ರ ಮಂಜೂರಾಗಿದೆ ಅಂತ ಸಿಸ್ಟರ್ ಹೇಳಿದ್ದಾರೆ. ಬಂದ ದಿನ ಇಲ್ಲೇ ಬರೆದು ತಿಳಿಸುತ್ತೇನೆ.